ಒಂಬತ್ತನೆಯ ಪ್ರಶ್ನೆ

ಕಾಟಾ ಹತ್ತುವ ಮುನ್ನ ಚಪ್ಪಲಿ ಬಿಟ್ಟೆ,
ಬುರ್ಖಾ ಕಳಚಿದೆ,
ಸೊಂಟದ ಬೀಗದಕೈ ಗೊಂಚಲನ್ನೂ ತೆಗೆದಿಟ್ಟೆ.
ತೊಂಬತ್ತಾರೂವರೆ.
"ಆ ಅರ್ಧ ಬಿಟ್ಟುಬಿಡು ತಾಯಿ" ಅಂದೆ.
ನರ್ಸ್ ಹುಡುಗಿ ನಗದೆ ಬರೆದುಕೊಂಡಳು.

ನಮ್ಮದು ಮಂಡಕ್ಕಿ ಭಟ್ಟಿ.
ಲೋಕದಲ್ಲೇ ಹಗುರವಾದದ್ದನ್ನು ಮಾರುವವರು ನಾವು,
ತೂಗಿದರೆ ಗಿಟ್ಟದೆಂದು
ಸೇರಿನಲ್ಲಿ ಅಳೆದು ಕೊಡುತ್ತೇವೆ,
ಗೋಪುರ ಕಟ್ಟಿದ ಸೇರು, ಮೇಲೊಂದು ಹಿಡಿ ಕೊಸರು.

ಮೆಡಿಕಲ್ ಶಾಪಿನ ಇಲಿಯಾಸ್ ಹೇಳಿದ್ದ:
"ಆಪಾ, ಚೀಟಿ ಗೀಟಿ ಯಾಕೆ?
ಪೆನ್ನಿನಂಗೇ ಐತಿ. ವಾರಕ್ಕೊಂದು ಚುಚ್ಚು,
ಹಸಿವೇ ಮರೆತು ಹೋಗ್ತೈತಿ."
ಹಸಿವು ಮರೆಯಲಿಕ್ಕೂ ದುಡ್ಡು ಕೊಡುವ ಕಾಲ ಬಂತಲ್ಲ ಅಂತ
ಅರ್ಧ ದಾರಿ ನಗುತ್ತ ಬಂದೆ,
ಇನ್ನರ್ಧ ದಾರಿ ಮೊಣಕಾಲು ಹಿಡಿದುಕೊಂಡು.
ತಮ್ಮನ ಹೆಂಡತಿಯೇ ಹಟ ಮಾಡಿ ಎಳೆತಂದಳು
ಹದಡಿ ರಸ್ತೆಯ ಈ ಎರಡು ಕೋಣೆಯ ಕ್ಲಿನಿಕ್ಕಿಗೆ.

ಕಾತ್ಯಾಯಿನಿ ಮೇಡಂ ಒಂದೊಂದೇ ಕೇಳಿದರು.
ಸಕ್ಕರೆ? ಆರು ವರ್ಷದಿಂದ.
ಬಿ.ಪಿ.? ಅದೂ.
ಪಿತ್ತಕೋಶದಲ್ಲಿ ಕಲ್ಲು?
ಚೀಲ ಸಮೇತ ತೆಗೆಸಿ, ಕಲ್ಲು ಮೂರನ್ನೂ ಡಬ್ಬಿಯಲ್ಲಿಟ್ಟಿದ್ದೆ,
ಸೊಸೆ ಎಸೆದಳು.
ಮೇದೋಜೀರಕ ಗ್ರಂಥಿ ಯಾವತ್ತಾದರೂ ಊದಿಕೊಂಡಿತ್ತೇ?
ಅಂಥದ್ದೊಂದು ನನ್ನೊಳಗಿದೆಯೇ ಮೇಡಂ?
ಬಸುರಾಗುವ ಯೋಚನೆ?
ನಾಲ್ಕನೇ ಮೊಮ್ಮಗಳು ನನ್ನ ಕಾಲು ತಬ್ಬಿ ನಿಂತಿದ್ದಳು.
ಆಗ ಇಬ್ಬರೂ ನಕ್ಕೆವು.

ಒಂಬತ್ತನೆಯದು:
"ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್?
ಕತ್ತಿನಲ್ಲಿ ಗಂಟು?"
ಇಲ್ಲ ಅನ್ನಲು ಬಾಯಿ ತೆರೆದೆ.
ತೆರೆದೇ ಉಳಿಯಿತು.

ಅಮ್ಮಿ.
ಭಟ್ಟಿಯ ಬಾಯಿಗೆ ಹೊಟ್ಟು ಸುರಿಯುವಾಗಲೂ,
ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುವಾಗಲೂ,
ಎಂಥ ಏಪ್ರಿಲ್ಲಿನಲ್ಲೂ,
ಸೆರಗನ್ನು ಕತ್ತಿಗೆ ಎರಡು ಸುತ್ತು ಸುತ್ತಿ ಪಿನ್ನು ಹಾಕುವಳು.
"ಜೈನಾಬಿಯಷ್ಟು ಮರ್ಯಾದೆಯವಳು ಈ ಸಾಲಿನಲ್ಲೇ ಇಲ್ಲ"
ಅನ್ನುತ್ತಿದ್ದರು ಭಟ್ಟಿಯವರೆಲ್ಲ.
ದನಿ ಒಡೆದಾಗ, ಹೊಗೆ ಅಂದಳು.
ರೊಟ್ಟಿ ಇಳಿಯದಾದಾಗ, ವಯಸ್ಸು ಅಂದಳು.
ನಲವತ್ತೊಂದು ಆಗ ಅವಳಿಗೆ.
ಹುಬ್ಬಳ್ಳಿಗೆ ಎರಡು ಸಲ ಕರೆದುಕೊಂಡು ಹೋದ ಅಬ್ಬಾ
ಮಣ್ಣು ಮಾಡಿ ಬಂದ ದಿನ ಬಾಗಿಲಲ್ಲೇ ಹೇಳಿದ:
"ಗಂಟಲು ಕಟ್ಟಿತ್ತು. ಯಾರು ಕೇಳಿದರೂ ಅಷ್ಟೇ."
ನಿಕಾ ಆಗಬೇಕಾದ ಹೆಣ್ಣುಗಳು ನಾಲ್ವರಿದ್ದೆವು ಒಳಗೆ.

ಮೇಡಂ ಬರೆಯುವ ಪೆನ್ನಿಗೆ ಮುಚ್ಚಳ ಹಾಕಿದರು.
"ಕಾಗದ ಇದೆಯಾ? ಯಾವ ಜಾತಿಯ ಗಂಟು ಅನ್ನೋದು ಮುಖ್ಯ.
ಒಂದು ಜಾತಿ ಇದೆ, ಅದಾಗಿದ್ದರೆ
ಈ ಸೂಜಿ ನಿಮಗೆ ಬೇಡವೇ ಬೇಡ."
ಜಾತಿ ಕೇಳುವ ಕಾಗದ ಬೇಕಾದಷ್ಟು ನೋಡಿದ್ದೇನೆ,
ಗಂಟಿನದು ಯಾರೂ ಕೇಳಿರಲಿಲ್ಲ.

ಎದ್ದು ಬಂದು ನನ್ನ ಹಿಂದೆ ನಿಂತು
ತಣ್ಣನೆ ಬೆರಳುಗಳನ್ನು ಗಂಟಲ ಮೇಲಿಟ್ಟು
"ಉಗುಳು ನುಂಗಿ" ಅಂದರು.
ನುಂಗಿದೆ.
"ಇನ್ನೊಮ್ಮೆ."
ಮೂವತ್ತೆರಡು ವರ್ಷದಿಂದ ಅದೇ ಕೆಲಸ ಮೇಡಂ,
ಅನ್ನಲಿಲ್ಲ.
"ಕೈಗೆ ಏನೂ ಸಿಗ್ತಿಲ್ಲ. ಆದರೂ ರಕ್ತ ಕೊಟ್ಟು ಹೋಗಿ,
ಸ್ಕ್ಯಾನೂ ಆಗಲಿ. ತಂಗಿಯರಿದ್ದಾರಾ?"

ತೂಕ ಹಾಗೇ ಇದೆ.
ಅಟ್ಟದಿಂದ ಅಮ್ಮಿಯ ಟ್ರಂಕು ಇಳಿಯಿತು.
ಸುಣ್ಣದ ಡಬ್ಬಿ ತುಂಬ ತುಕ್ಕು ಹಿಡಿದ ಪಿನ್ನು.
ಮಡಿಚಿದ ಸೀರೆಯೊಳಗೆ
ಹುಳ ತಿಂದು ಉಳಿಸಿದ ಅರ್ಧ ಚೀಟಿ:
ವಾರ್ಡು ನಂಬರು, ತಾರೀಕು, ಯಾರದೋ ಸಹಿ.
ಹೆಸರಿರಬೇಕಾದ ಜಾಗದಲ್ಲಿ ತೂತು.

ಹರಿಹರದ ನಫೀಸಾಗೆ ಹೇಳಿದೆ, ರಾಣೆಬೆನ್ನೂರಿನ ತಸ್ಲೀಮಾಗೂ.
ಜಗಳೂರಿನ ಬಿಲ್ಕೀಸ್ ಫೋನೆತ್ತಿದವಳೇ
"ಸೂಜಿ ಹಾಕಿದರಾ? ಎಷ್ಟಿಳಿದೆ ಆಪಾ?" ಅಂದಳು.
"ಕನ್ನಡಿ ಮುಂದೆ ಹೋಗು" ಅಂದೆ.
"ಸೆರಗು ಬಿಚ್ಚು. ಕತ್ತೆತ್ತಿ ಒಂದು ಗುಟುಕು ನೀರು ಕುಡಿ.
ಏನಾದರೂ ಏರಿ ಇಳಿಯುತ್ತಾ ನೋಡು."
"ಯಾಕೆ?"
"ಮೊದಲು ಕುಡಿಯೇ."

ಆ ಕಡೆ ಗ್ಲಾಸು ಕೆಳಗಿಟ್ಟ ಸದ್ದು.
ಆಮೇಲೆ ಸುಮಾರು ಹೊತ್ತು
ಏನೂ ಕೇಳಲಿಲ್ಲ.