ತಿದಿ

ದಾವಣಗೆರೆ, ಮಂಡಿಪೇಟೆ; ಹತ್ತಿ ಅಂಗಡಿಯ ಮಹಡಿ.
ಜಮಖಾನದ ಮೇಲೆ ಇಪ್ಪತ್ತೇಳು ಜನ.
ವಾರ್ಡಿನ ರಿಜಿಸ್ಟರ್ ಬರೆದವನಿಗೆ
ಎಣಿಸುವ ಚಟ ಬಿಡುವುದಿಲ್ಲ.

ಬಕ್ಕೇಶಪ್ಪನವರು ಪೆಟ್ಟಿಗೆಯ ಮುಂದೆ ಕೂತರು.
ಬಲಗೈ ಭೀಮಪಲಾಸಿಗೆ ಸಿದ್ಧ;
ಎಡಗೈ ಆ ಜ್ವರದ ವರ್ಷದಿಂದ
ಇನ್ನೂ ವಾಪಸು ಬಂದಿಲ್ಲ.
ಸಾರಂಗಿ ಕಾಯಿತು. ತಬಲಾದ ರಜಾಕಸಾಬರು
ಸರಿಯಿದ್ದ ಶ್ರುತಿಯನ್ನೇ ಮತ್ತೆ ಸರಿಮಾಡಿದರು.

ನರ್ಸ್ ಮೆಹರುನ್ನಿಸಾ ಎದ್ದು ಬಂದು
ತಿದಿಯ ಮೇಲೆ ಕೈಯಿಟ್ಟಳು.
ಒತ್ತು, ಬಿಡು. ಒತ್ತು, ಬಿಡು.
ಆ ಲಯ ಅವಳಿಗೆ ಗೊತ್ತು:
ಈ ಮುದುಕನ ಎದೆಗೇ ಒಂದಿಡೀ ರಾತ್ರಿ
ರಬ್ಬರ್ ಚೀಲ ಹಿಚುಕಿ ಗಾಳಿ ಕೊಟ್ಟವಳು.

ನಿಷಾದ ನಡುಗಿತು, ಷಡ್ಜಕ್ಕೆ ಬಂದು ನಿಂತಿತು.
ಕೆಳಗೆ ಲಾರಿಯೊಂದು ಹಾರ್ನ್ ಹೊಡೆದು ಹೋಯಿತು.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.
ಯಾರೂ ಸರಿದು ಕೂರಲಿಲ್ಲ.