ಹನ್ನೊಂದು ಭಾಷೆದಾಗ ಬ್ಯಾಡ

ವಿಜಯಪುರ ಟೇಶನ್ ಮುಂದ, ಬೇವಿನ ಗಿಡದ ನೆಳ್ಳಾಗ
ಟಾಂಗಾ ಹಚ್ಚಾಕ ಹತ್ತಿ ಇಪ್ಪತ್ತಾರು ವರ್ಷ.
ಹನ್ನೊಂದು ಭಾಷೆದಾಗ ನನಗ 'ಬ್ಯಾಡ' ಬರತೈತಿ.
'ಹೂಂ' ಒಂದರಾಗೂ ಬರಂಗಿಲ್ಲ.
ಯಾರೂ ಅಂದಿಲ್ಲ, ಕಲೀಲಿ ಹ್ಯಾಂಗ?

ನೈನ್. ನ್ಯೆತ್. ನೋ. ನೊಂ,
ಕಡೀದು ಮೂಗಿನಾಗ ಅನಬೇಕು.
ಒಬ್ಬಾಂವ 'ಲೋ' ಅಂದ.
ಯಾರನ್ನ ಕರದಾ ಅಂತ ಹಿಂದ ಹೊಳ್ಳಿ ನೋಡಿದೆ.

ಸುಳ್ಳು ಹೇಳಿದೆ. ಒಬ್ಬ ಹೂಂ ಅಂದಿದ್ದ.
ಗ್ರೀಸಿನ ಮುದುಕ. 'ನೇ' ಅಂದ.
ನೈ ಅಂದಾ ಅಂತ ಲಗಾಮು ಜಗ್ಗಿ ಹೊಂಟಬಿಟ್ಟೆ.
ಅವರ ಊರಾಗ ನೇ ಅಂದ್ರ ಹೂಂ ಅಂತರೀ!
ಆ ಬಿಸಲಾಗ ಪಾಪ
ಗುಮ್ಮಟದ ಗೇಟಿನ ತನಕ ಗಾಡಿ ಹಿಂದ ಓಡಿ ಬಂದ.

ಹೋದ ಮಾಗ್ಯಾಗ ಒಬ್ಬಾಕಿ ಬಂದ್ಲು.
ಬೆನ್ನಮ್ಯಾಲ ಜ್ವಾಳದ ಚೀಲದಷ್ಟು ಗಂಟು,
ಕೈಯಾಗ ನಕಾಶೆ, ಮಾರಿ ಕೆಂಪಗ.
ಆಟೋದವರು ಸುತ್ತಗಟ್ಟಿದ್ರು,
ಸಾಲಿ ಹುಡುಗ್ರು ನಲವತ್ತು ಮಂದಿ
ಒಬ್ಬೊಬ್ರು ಒಂದೊಂದು ಸೆಲ್ಫಿ.
'ಟಾಂಗಾ ಮೇಡಂ, ಇಬ್ರಾಹಿಂ ರೋಜಾ, ತಾಜ್ ಬಾವಡಿ, ತೋಪು.'
'ನೆಮ್.'
ಹೊಸಾದು. ಹನ್ನೊಂದನೇದು.
ನಾ ಎರಡು ಪಟ್ಟು ರೇಟು ಹೇಳಿದ್ದು ಖರೇ.
ಟಿಕೀಟಿನ ಖಿಡಕ್ಯಾಗ ಸರಕಾರ
ಹನ್ನೆರಡು ಪಟ್ಟು ತಗೋತೈತಿ, ಅದನ್ನ ಯಾರು ಕೇಳ್ತಾರ?

ಖಿಡಕಿ ಕಟ್ಟಿ ಮ್ಯಾಲ ಟೊಪಗಿ ಮರತು ಒಳಗ ಹೋದ್ಲು.
ಕಾವಲುಗಾರ ಹುಸೇನಬಾಷಾ ಬಿಟ್ಟ ನನ್ನ.
ಏಳು ಮಜಲು, ಇಕ್ಕಟ್ಟಿನ ಮೆಟ್ಟಲ, ಈ ಮೊಣಕಾಲು.
ಮ್ಯಾಲ ಗ್ಯಾಲರಿಗೆ ಮುಟ್ಟಿ, ಈ ಕಡಿಂದ
ಟೊಪಗಿ ಎತ್ತಿ ತೋರಿಸಿದೆ.
ತನ್ನ ಟೊಪಗೀನ ತನಗ ಮಾರಾಕ ಬಂದೀನಿ ಅಂತ
ತಿಳಕೊಂಡ್ಲು ಅಕಿ.

'ನೆಮ್!'

ಗುಮ್ಮಟ ಬಿಡತೈತೇನು?
ನೆಮ್ ಅಂತು, ನೆಮ್ ಅಂತು,
ಗೋಡಿ ಹಿಡಕೊಂಡು ಒಂದು ಸುತ್ತು ಹೊಡದು
ಏಳು ಸಲ ಬೈದು ನನ್ನ ಕಿವಿಗೆ ಬಂತು.
ಸಾಲಿ ಹುಡುಗ್ರೂ ಸುಮ್ನಾದ್ರು.
ಆಮ್ಯಾಲ ಅಕಿ ತನ್ನ ತಲಿ ಮುಟ್ಟಿ ನೋಡಕೊಂಡ್ಲು.
ನಕ್ಳು.
ಅದೂ ಏಳು ಸಲ.

ಮುಂದ ದಿನಾ ಪೂರ್ತಿ ನನ್ನ ಟಾಂಗಾದಾಗ.
ತೋಪಿನ ಬಾಯಾಗ ಹಣಿಕಿ ಹಾಕಿದ್ಲು,
ನನ್ನ ಚಿಂಗಾರಿಗೆ ಗಜ್ಜರಿ ತಿನಿಸಿದ್ಲು,
ಗಾಂಧಿ ಚೌಕದಾಗ ಚಾ ಕುಡದು ತಾನೇ ರೊಕ್ಕ ಕೊಟ್ಲು.
ಮಾತಿಲ್ಲ. ಬೆರಳು, ಹುಬ್ಬು, ನಗಿ, ಅಷ್ಟ.

ಸಂಜಿಕೆ ಟೇಶನ್ನಾಗ ಐದನೂರರ ನೋಟು ಚಾಚಿದ್ಲು.
ನನಗೇನು ಹೊಕ್ಕಿತ್ತೋ,
ಎದಿ ಮ್ಯಾಲ ಕೈ ಇಟ್ಟು ಅಂದೆ: 'ನೆಮ್.'

ನಮ್ಮ ಕಡೆ ನಿಮಗ ಗೊತ್ತೈತಿ.
ಚಾ ಬ್ಯಾಡ ಅಂದ್ರ ಒಲಿ ಹಚ್ಚತಾರ,
ಬ್ಯಾಡ ಬ್ಯಾಡ ಅಂದ್ರ ಸಕ್ಕರಿ ಹಾಕತಾರ,
ಮೂರನೇ ಬ್ಯಾಡಕ್ಕ ಕಪ್ಪು ಕೈಯಾಗ ಇರತೈತಿ.
ಇನ್ನೊಮ್ಮೆ ಚಾಚತಾಳ, ಕಿಸೇದಾಗ ತುರಕತಾಳ ಅಂತ
ಅಂಗಿ ಸರಿ ಮಾಡಕೊಂಡು ನಿಂತೆ.

ಅಕಿ ನಂಬಿಬಿಟ್ಲು.
ಒಂದ ಸಲಕ್ಕ.
ನೋಟು ನಾಕು ಮಡಿ ಮಾಡಿ ಚೀಲದಾಗ ಇಟ್ಟು,
ಕಣ್ಣಾಗ ನೀರು ತಂದು, ತಾನೂ ಎದಿ ಮ್ಯಾಲ ಕೈ ಇಟ್ಟು,
ಸೊಲ್ಲಾಪುರದ ಗಾಡಿ ಹತ್ತಿದ್ಲು.

ಗುಮ್ಮಟದಾಗ ಅಂದಿದ್ರ ಏಳು ಸಲ ಕೇಳತಿತ್ತು,
ಆರರಾಗ ಒಂದಕ್ಕರೆ ಸಂಶೆ ಬರತಿತ್ತು.
ಫ್ಲಾಟಫಾರ್ಮು ಬಯಲು.
ಬಯಲಾಗ ಅಂದದ್ದು ಒಂದ ಸಲ.

ಮನ್ಯಾಗ ಜೈತುನಬಿ ಹೊಟ್ಟು ನೆನಿಹಾಕಕೋತ ಎಲ್ಲಾ ಕೇಳಿದ್ಲು.
ಬೈಲಿಲ್ಲ. ಬಾಲ್ದಿಯಾಗ ಕೈ ತಿರುವಕೋತ
ಇಷ್ಟ ಅಂದ್ಲು:
'ಅಕಿ ಮಾತಿನಾಗ ಹೂಂ ಅನ್ನಾಕ ಏನಂತಾರ?'

ನಾ ಕೇಳಿರಲಿಲ್ಲ.