ಸೋಸಿದ ಬಟ್ಟೆ

ಏಪ್ರಿಲ್ಲಿಗೆ ನಮ್ಮ ಹಳ್ಳ ಸತ್ತಿತು ಅನ್ನುತ್ತಾರೆ
ದೇವಿಮನೆ ಘಟ್ಟದಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದವರು.
ಬಿಳಿ ಕಲ್ಲು, ಒಣಗಿದ ಎಲೆ, ಒಂಟಿ ಚಪ್ಪಲಿ.
ಇಳಿದು ಬಂದವರಿಗೆ ಗೊತ್ತು,
ಮೊಣಕೈ ಮುಳುಗುವಷ್ಟು ಚರಳು ಬಗೆದರೆ ಸಾಕು,
ಹಳ್ಳ ಕೆಳಗೆ ನಡೆಯುತ್ತಲೇ ಇರುತ್ತದೆ
ಮನೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ
ತುದಿಗಾಲಲ್ಲಿ.

ಹಮ್ಮಕ್ಕ, ನನ್ನ ಅತ್ತೆ, ಒರತೆ ತೋಡುವವಳು.
ಮೊದಲ ನೀರು ರಾಡಿ, ಎತ್ತಿ ಚೆಲ್ಲು.
ಎರಡನೆಯದು ಚಹದ ಬಣ್ಣ, ಅದನ್ನೂ ಚೆಲ್ಲು.
ಆಮೇಲೆ ಒಂದು ಕವಳ ಮುಗಿಯುವ ತನಕ
ಸುಮ್ಮನೆ ಕೂತುಕೋ, ಗುಂಡಿ ನೋಡಬೇಡ,
ನೋಡಿದರೆ ನೀರಿಗೆ ನಾಚಿಕೆ.
ಕೊಡದ ಬಾಯಿಗೆ ಮಾವನ ಹಳೇ ಪಂಜಿ ಕಟ್ಟಿ
ಗೆರಟೆಯಲ್ಲಿ ಮೊಗೆಮೊಗೆದು ಹೊಯ್ಯುವಳು.
ತುಂಬಿದ ಮೇಲೆ ಬಟ್ಟೆ ಕೊಡವುತ್ತಿರಲಿಲ್ಲ.
ಬಿಚ್ಚಿ, ಮಗುಚಿ, ಗುಂಡಿಯಲ್ಲೇ ಅದ್ದಿ ಎತ್ತುವಳು.
"ಎಂತಕೆ?" ಅಂದರೆ
"ಅವ್ರ ಮನೆ ಅಲ್ದಾ ಅದು." ಅಷ್ಟೇ.
ಅವರು ಯಾರೆಂದು ನಾನು ಕೇಳಿದವಳಲ್ಲ.
ಹೊಸ ಸೊಸೆ. ಕೊಡ ಹೊರಬೇಕು, ದಂಡೆ ಏರಬೇಕು.

ಎಷ್ಟೋ ವರ್ಷದ ಮೇಲೆ ಶಿರಸಿ ಕಾಲೇಜಿನಿಂದ ಬಂದಳು
ನಸೀಮಾ, ಭಟ್ಕಳದ ಕಡೆಯ ಹುಡುಗಿ.
ಕಬ್ಬಿಣದ ಕೊಳವೆಯನ್ನು ಸುತ್ತಿಗೆಯಿಂದ ಹಳ್ಳಕ್ಕೆ ಹೊಡೆದು
ಸೈಕಲ್ಲಿಗೆ ಗಾಳಿ ಹಾಕುವಂಥ ಪಂಪಿನಲ್ಲಿ ನೀರೆಳೆದು
ಬಿಳಿ ತಟ್ಟೆಗೆ ಸುರಿದಳು.
ನನ್ನ ಕೈಗೆ ಭೂತಗನ್ನಡಿ ಕೊಟ್ಟಳು.

ಅಕ್ಕಿನುಚ್ಚೊಂದು ಕಾಲು ಬಿಡಿಸಿ ನಡೆಯಿತು.
ಒಂದು ನೂಲು ತನ್ನಷ್ಟಕ್ಕೆ ಗಂಟು ಬಿದ್ದು ಬಿಚ್ಚಿಕೊಂಡಿತು.
ಒಂದು, ಮರಳಿನ ಕಾಳು ಕಾಳು ಅಂಟಿಸಿ
ತೋಳಿಲ್ಲದ ಅಂಗಿ ಹೊಲಿದುಕೊಂಡಿತ್ತು,
ಕುತ್ತಿಗೆಯ ಹತ್ತಿರ ಕಾಗೆಬಂಗಾರದ ಚೂರು,
ಮದುವೆಗೆ ಹೊರಟ ಹಾಗೆ.
ಮತ್ತೊಂದಕ್ಕೆ ಕಣ್ಣೇ ಇಲ್ಲ.
"ಅಯ್ಯೋ" ಅಂದೆ.
"ಕಲ್ಲು ಕಲ್ಲಿನ ನಡುವೆ ಎಂತ ನೋಡಬೇಕು ಅಕ್ಕಾ,
ತಡವಿದರೆ ಸಾಕು."
ಹೆಸರು ಕೇಳಿದೆ. ಉದ್ದದ್ದೊಂದು ಹೇಳಿ
ಕನ್ನಡದಲ್ಲಿ ಇಲ್ಲ ಅಂತ ತಾನೇ ಸಪ್ಪಗಾದಳು.
ಬೇಸಿಗೆಗೆ ಇವು ನೀರಿನ ಬೆನ್ನು ಹಿಡಿದು ಇಳಿಯುತ್ತವಂತೆ,
ಮಳೆ ಬಿದ್ದಾಗ ಮೇಲೆ ಬಂದು
ಹಳ್ಳವನ್ನು ಮತ್ತೆ ಹಳ್ಳ ಮಾಡುತ್ತವಂತೆ.
ಪುಸ್ತಕದಲ್ಲಿ ಬರೆದುಕೊಂಡಳು,
ಒಂದು ಬೊಗಸೆ ಚರಳಿಗೆ ನೂರಾ ಹನ್ನೆರಡು.

ನಾನೂ ಲೆಕ್ಕಕ್ಕೆ ಕೂತೆ, ತಪ್ಪಿತು.
ಕ್ವಾರಿ ಜಲ್ಲಿಗೆ ದುಡ್ಡು ಸಾಲದೆ ನಮ್ಮ ಸ್ಲ್ಯಾಬಿಗೆ
ಆರು ಟ್ರಿಪ್ಪು ಚರಳು
ಇದೇ ತಿರುವಿನಿಂದ ಎತ್ತಿದ್ದೆವು.
ಟ್ರಿಪ್ಪಿಗೆ ಎಷ್ಟು ಬುಟ್ಟಿ, ಬುಟ್ಟಿಗೆ ಎಷ್ಟು ಬೊಗಸೆ.
ಹೊತ್ತವಳು ನಾನೇ.
ಹಸಿ ಚರಳು ತಲೆಯಿಂದ ತೊಟ್ಟಿಕ್ಕುತ್ತಿತ್ತು,
ಬೆನ್ನಿಗೆ ತಂಪು ಅಂತ ಖುಷಿಪಟ್ಟಿದ್ದೆ.
ನಸೀಮಾಗೆ ಹೇಳಲಿಲ್ಲ.
ಚಹ ಮಾಡಿ ಕೊಟ್ಟೆ, ಅದೇ ಸ್ಲ್ಯಾಬಿನಡಿ ಕೂರಿಸಿ.

ಈಗ ಹಮ್ಮಕ್ಕ ಇಲ್ಲ. ನಲ್ಲಿ ಬಂದಿದೆ,
ಮಂಗಳವಾರ, ಶನಿವಾರ.
ಮೊದಲ ಮಳೆಗೆ ಸ್ಲ್ಯಾಬಿನ ಒಂದು ಮೂಲೆ ಜಿನುಗಿತು.
ಚರಳು ಸರಿಯಾಗಿ ತೊಳೆದಿರಲಿಲ್ಲ ನೀವು
ಅನ್ನುತ್ತಾನೆ ಮೇಸ್ತ್ರಿ ಕೈತಾನ.
ಅಡಿಗೊಂದು ಬೋಗುಣಿ ಇಟ್ಟಿದ್ದೇನೆ.
ತುಂಬಿದಾಗ ಬೆಳಕಿಗೆ ಹಿಡಿಯುತ್ತೇನೆ:
ಸಿಮೆಂಟಿನ ಕೆನೆ, ಬೇರೇನಿಲ್ಲ.
ಆದರೂ ಬಚ್ಚಲಿಗೆ ಚೆಲ್ಲಲು ಕೈ ಬಾರದು.
ಪಂಜಿಯಲ್ಲಿ ಸೋಸಿ
ಒದ್ದೆ ಬಟ್ಟೆಯನ್ನು ಮಗುಚದೆ, ಹಿಂಡದೆ,
ಹಾಗೇ ಹಿಡಿದುಕೊಂಡು
ದಂಡೆ ಇಳಿಯುತ್ತೇನೆ.